ದುಃಖದ ಕಡೆ ಪುಸ್ತಕ ಮುಚ್ಚಬಾರದು

ದೇವದುರ್ಗದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ, ಬಸ್ಸು ಹತ್ತಿ ರಾಯಚೂರಿಗೆ ಬಂದಿಳಿಯುವಷ್ಟರಲ್ಲಿ ನನ್ನ ಗಂಟಲು ಒಣಗಿ ಹೋಗಿರುತ್ತದೆ. ಓದು ಮನುಷ್ಯನನ್ನು ಬೆಳೆಸುತ್ತದೆ ಎಂದು ವರ್ಷ ವರ್ಷವೂ ಬರೆಸುತ್ತೇನೆ. ಐದು ಅಂಕದ ಪ್ರಶ್ನೆ ಅದು. ಮಕ್ಕಳು ಬಾಯಿಪಾಠ ಮಾಡುತ್ತಾರೆ. ನಿಜ ಹೇಳಬೇಕೆಂದರೆ ನನಗೂ ಅದು ಬಾಯಿಪಾಠವೇ. ನನಗಾಗಿ ಒಂದು ಪುಸ್ತಕ ಓದಿ ಎಷ್ಟು ಕಾಲವಾಯಿತೋ.

ಮನೆಯಲ್ಲಿ ಅಮ್ಮ ಕಾಯುತ್ತಿರುತ್ತಾಳೆ. ಕಣ್ಣು ಮಂಜಾದ ಮೇಲೆ ಅವಳಿಗೆ ನಾನೇ ಓದಿ ಹೇಳಬೇಕು. ಮಾನ್ವಿಯ ತವರಿನಲ್ಲಿ ಪುರಾಣ ಕೇಳಿ ಬೆಳೆದವಳು, ಅಲ್ಲಿನ ಪದ್ಧತಿ ಬಿಟ್ಟಿಲ್ಲ. ಸಾವು, ವನವಾಸ, ಅಗಲಿಕೆ ಬಂದ ಕಡೆ ಪುಸ್ತಕ ಮುಚ್ಚುವ ಹಾಗಿಲ್ಲ. ಮುಂದೆ ಮದುವೆಯೋ ಪಟ್ಟಾಭಿಷೇಕವೋ ಬರುವವರೆಗೆ ಓದಲೇಬೇಕು. ಪುರಾಣಕ್ಕೇನೋ ಅದು ಸರಿ. ಪುರಾಣಗಳೆಲ್ಲ ಮುಗಿದು ಕಾದಂಬರಿಗೆ ಬಂದಾಗ ನನ್ನದು ನಾಯಿಪಾಡಾಯಿತು. ಈಗಿನ ಕಾದಂಬರಿಕಾರರು ಯಾರಿಗೂ ಪಟ್ಟ ಕಟ್ಟುವುದಿಲ್ಲ.

ಅಮ್ಮ ಬದುಕಿದ್ದೂ ಇದೇ ಪದ್ಧತಿಯಲ್ಲಿ. ನಾನು ಹುಟ್ಟುವ ಮೊದಲೇ ನನ್ನ ಅಕ್ಕ, ನಾಲ್ಕು ವರ್ಷದವಳು, ಜ್ವರದಿಂದ ತೀರಿಕೊಂಡಳಂತೆ. ಅಷ್ಟೇ ಗೊತ್ತು, ಅದೂ ಸೋದರತ್ತೆ ಹೇಳಿದ್ದು. ಒಂದು ಫೋಟೋ ಕೂಡ ಇಲ್ಲ. ಕೇಳಿದರೆ ಅಮ್ಮ ತಟ್ಟನೆ ಅಡುಗೆಯ ಮಾತು ತೆಗೆಯುತ್ತಿದ್ದಳು. ಸೋದರತ್ತೆಯೂ ಹೋದ ಮೇಲೆ ನನಗೆ ದಿಗಿಲು ಹುಟ್ಟಿತು. ಅಮ್ಮನೂ ಹೋದರೆ ಅಕ್ಕನನ್ನು ಕಂಡವರೇ ಉಳಿಯುವುದಿಲ್ಲ.

ಈ ಬೇಸಿಗೆಯ ಒಂದು ಸಂಜೆ, ನಾನು ಓದುತ್ತಿದ್ದ ಕಾದಂಬರಿಯಲ್ಲಿ ಮಗುವೊಂದು ಸತ್ತಿತು. ಬೆವರು, ಬಸ್ಸಿನ ಧೂಳು, ಎಲ್ಲ ಸೇರಿ ನನಗೆ ಸಾಕಾಗಿತ್ತು. ಆದರೂ ಒಳ್ಳೆಯ ಸುದ್ದಿ ಎಲ್ಲಿದೆಯೋ ಎಂದು ಶಪಿಸುತ್ತ ಹಾಳೆ ತಿರುವಿದೆ.

"ಇಲ್ಲೇ ನಿಲ್ಲಸು," ಎಂದಳು ಅಮ್ಮ.

"ಇಲ್ಲಿ ಹ್ಯಾಂಗ ನಿಲ್ಲಸ್ಲಿ? ಕೂಸು ಸತ್ತದ."

"ಗೊತ್ತದ. ಮುಚ್ಚು."

ಮುಚ್ಚಿದೆ. ಅವಳು ಬಹಳ ಹೊತ್ತು ಸೆರಗಿನ ಅಂಚನ್ನು ಬೆರಳಲ್ಲಿ ತೀಡುತ್ತ ಕೂತಳು. ಕಥೆ ಮರೆತೇಬಿಟ್ಟಳೇನೋ ಅಂದುಕೊಂಡೆ.

"ನಿಮ್ಮಕ್ಕಗ ಬೆಲ್ಲ ಅಂದ್ರ ಭಾಳ ಆಸಿ," ಎಂದಳು. "ಡಬ್ಬಿ ಎಲ್ಲಿಟ್ರೂ ಹುಡುಕಿ ತಿಂತಿದ್ಲು. ಕಡೀ ದಿನಾನೂ ಕೇಳಿದ್ಲು. ಜ್ವರದಾಗ ಬ್ಯಾಡ ಅಂತ ನಾ ಕೊಡಲಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಅಮ್ಮ ಅಳಲಿಲ್ಲ. ಅವಳು ಇನ್ನೂ ಹೇಳುತ್ತಲೇ ಇದ್ದಳು.