ಮೊದಲು ನಮ್ಮ ಸದ್ದು

ನಮ್ಮ ಭೌತಶಾಸ್ತ್ರದ ಮೇಷ್ಟ್ರ ಎಡ ಮಣಿಕಟ್ಟಿನಲ್ಲಿ ಗಡಿಯಾರದ ಪಟ್ಟಿಯಷ್ಟಗಲ ಬಿಳಿ ಗುರುತಿತ್ತು. ಗಡಿಯಾರವಿದ್ದದ್ದು ಪಾಠದ ಹೊರಗೆ ಮಾತ್ರ. ತುಮಕೂರಿನ ಕಾಲೇಜಿನ ಪ್ರಯೋಗಾಲಯಕ್ಕೆ ಕಾಲಿಟ್ಟೊಡನೆ ಅದನ್ನು ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ ಡ್ರಾಯರಿಗೆ ಹಾಕುವರು. ಶಬ್ದದ ಪಾಠವಿದ್ದ ದಿನ ನಮ್ಮ ಬಳೆಗಳಿಗೂ ಅದೇ ಗತಿ.

"ಮೊದಲು ನಮ್ಮ ಸದ್ದು ತೆಗೀಬೇಕು ಕಣ್ರಮ್ಮ, ಆಮೇಲೆ ಹೊರಗಿನ ಸದ್ದು ಕೇಳಬೇಕು."

ಬೆಲ್ಲಿಗೆ ಮುಂಚೆ ಕೂತಿರಬೇಕು, ತಂತಿ ಸುತ್ತಿಟ್ಟೇ ಏಳಬೇಕು. ನನ್ನ ಇಂದಿನ ಶಿಸ್ತೆಲ್ಲ ಅಲ್ಲಿಯದು.

ಎಪ್ಪತ್ತರ ದಶಕದ ಕೊನೆಯಲ್ಲಿ, ಸಮುದ್ರದೊಳಗಿನ ಶಬ್ದ ದಾಖಲಿಸುವ ತರಬೇತಿಗೆ ನನಗೆ ಕೊಚ್ಚಿಯಿಂದ ಕರೆ ಬಂತು. ಟೈಲರ್ ಆಗಿದ್ದ ಅಬ್ಬಾ ಹತ್ತಿರದ ಕುಣಿಗಲ್ಲಿಗೂ ನನ್ನನ್ನು ಒಬ್ಬಳೇ ಕಳಿಸಿದವರಲ್ಲ. ಬೇಡವೆಂದರು.

ಮೇಷ್ಟ್ರು ವಾದಿಸಲಿಲ್ಲ. ಭಾನುವಾರ ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿ ಗುಬ್ಬಿ ಕೆರೆಗೆ ಕರೆದೊಯ್ದರು. ಸೈಕಲ್ ಟ್ಯೂಬಿನಲ್ಲಿ ನೀರು ಹೋಗದಂತೆ ಬಿಗಿದ ಮೈಕನ್ನು ಕೆರೆಗೆ ಇಳಿಬಿಟ್ಟು, ಹೆಡ್‌ಫೋನನ್ನು ಅಬ್ಬಾನ ಒಂದೇ ಕಿವಿಗೆ ಹಿಡಿದರು.

"ಏನ್ ಸಾ, ಮೀನ್ ಮಾತಾಡ್ತಾವಾ?" ಎಂದ, ಎಮ್ಮೆ ತೊಳೆಯುತ್ತಿದ್ದವನು.

"ನಿನ್ ಎಮ್ಮೆ ಸುಮ್ನಿದ್ರೆ ಮಾತಾಡ್ತಾವೆ ಕಣೋ."

ಆಚೆ ದಡದಲ್ಲಿ ಹೆಂಗಸೊಬ್ಬಳು ನೀರಂಚಿನ ಕಲ್ಲಿಗೆ ಬಟ್ಟೆ ಒಗೆಯುತ್ತಿದ್ದಳು. ಅಬ್ಬಾ ಹುಬ್ಬೇರಿಸಿದರು. ಒಂದೇ ಏಟು ಎರಡು ಸಲ ಕೇಳುತ್ತಿತ್ತು: ಹೆಡ್‌ಫೋನಿನ ಕಿವಿಗೆ ನೀರೊಳಗಿಂದ ಮೊದಲು, ಬರಿ ಕಿವಿಗೆ ಗಾಳಿಯಿಂದ ಆಮೇಲೆ. ನೀರಿನಲ್ಲಿ ಶಬ್ದ ಬೇಗ ಓಡುವುದೆಂದೂ, ತಿಮಿಂಗಿಲದ ಕೂಗು ಕಡಲಲ್ಲಿ ಬಲು ದೂರ ಮುಟ್ಟುವುದೆಂದೂ, ಅದನ್ನು ಹುಡುಕಿ ಕೇಳುವುದೇ ಅಲ್ಲಿಯ ಕೆಲಸವೆಂದೂ ಮೇಷ್ಟ್ರು ವಿವರಿಸಿದರು. ಅಬ್ಬಾ ಹೆಡ್‌ಫೋನ್ ಇಳಿಸಲೇ ಇಲ್ಲ.

"ಅಷ್ಟು ದೂರ ಹೋದ್ರೆ ಇವಳ ದನಿ ನಮಗೆ ಕೇಳಿಸ್ತದಾ ಮೇಷ್ಟ್ರೇ?"

"ಹೊಲಿಗೆ ಮಿಷಿನ್ ನಿಲ್ಸಿ ಕೇಳಿ ಸಾಬ್ರೇ. ಕೇಳಿಸುತ್ತೆ."

ಮನೆಗೆ ಬಂದವರೇ ಅಬ್ಬಾ ಟೇಪು ಹಿಡಿದು, ಪ್ರಯಾಣದ ಬಟ್ಟೆಗೆ ನನ್ನ ಅಳತೆ ತೆಗೆದರು.

ತರಬೇತಿಯ ನಂತರ ಕೊಚ್ಚಿಯಲ್ಲೇ ಕೆಲಸಕ್ಕೆ ಸೇರಿದೆ. ಹಡಗು ಹತ್ತುವ ಅವಕಾಶ ನನಗೆ ಸಿಗಲಿಲ್ಲ; ಕಡಲಲ್ಲಿ ದಾಖಲಾದ ಟೇಪುಗಳು ನನ್ನ ಕೋಣೆಗೆ ಬರುತ್ತಿದ್ದವು. ಇಂಜಿನ್ನಿನ ಗುರುಗುರು, ಸೀಗಡಿಗಳ ಚಿಟಪಟ, ವರ್ಷಗಟ್ಟಲೆ ಅಷ್ಟೇ. ಕೊನೆಗೊಂದು ದಿನ, ಹಳೆಯ ಮರದ ಬಾಗಿಲನ್ನು ಯಾರೋ ನಿಧಾನವಾಗಿ ತೆರೆದಂಥ ದನಿ. ತಿಮಿಂಗಿಲ. ಪ್ರತಿ ಮಾಡಿಕೊಂಡು, ರಜೆಯಲ್ಲಿ ಅಬ್ಬಾನ ಜೊತೆ ತುಮಕೂರಿನ ಸದಾಶಿವನಗರದ ಮೇಷ್ಟ್ರ ಮನೆಗೆ ಹೋದೆ. ನಾನು ಟೇಪು ಹಾಕುವ ಮೊದಲು, ಹಾಸಿಗೆ ಹಿಡಿದಿದ್ದ ಮೇಷ್ಟ್ರು ಗಡಿಯಾರ ಬಿಚ್ಚಿ ದಿಂಬಿನಡಿ ಇಟ್ಟರು. ಕೇಳಿ ಮುಗಿದ ಮೇಲೆ "ಇನ್ನೊಂದ್ ಸಲ ಹಾಕಮ್ಮ" ಎಂದವರು ಅಬ್ಬಾ. ಮೇಷ್ಟ್ರು ನಕ್ಕರು.

ಮರುವರ್ಷ ಅವರು ತೀರಿಕೊಂಡರು. ಅಂಗಡಿಗೆ ಆಗಷ್ಟೇ ಬಂದಿದ್ದ ಫೋನಿನಲ್ಲಿ ಅಬ್ಬಾ ನನಗೆ ತಿಳಿಸಿದರು. ಅಂಗಡಿಯ ಎರಡೂ ಮಿಷಿನ್ನುಗಳ ಸದ್ದು ನಿಂತಿತ್ತು. ಕೊಚ್ಚಿಯಲ್ಲಿದ್ದ ನನಗೆ ಅಬ್ಬಾನ ಉಸಿರು ಸ್ಪಷ್ಟವಾಗಿ ಕೇಳಿಸುತ್ತಿತ್ತು.