ಅಪ್ಪ ಮುಯ್ಯಾಳು ಕರೆದದ್ದು

ಮೊನ್ನೆ ಅಂಗಡಿಯಲ್ಲಿ ಒಣಗಿದ ತೆಂಗಿನಕಾಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎಂದಿತು. ಆ ಸದ್ದಿನ ಹಿಂದೆಯೇ ಬಿಳಿಗೆರೆಯ ಹತ್ತಿರದ ನಮ್ಮ ಮನೆ, ಅಟ್ಟದ ಧೂಳಿನ ಘಾಟು, ಬಗ್ಗಿ ಕೂತು ಒಂದೊಂದೇ ಕಾಯಿ ಅಲ್ಲಾಡಿಸುತ್ತಿದ್ದ ಅಪ್ಪನ ಬೆನ್ನು, ಎಲ್ಲವೂ ಮರಳಿದವು.

ಅಪ್ಪ ಶಾಲೆಯ ಮೇಷ್ಟ್ರು. ಊರಿನಲ್ಲಿ ನಮ್ಮದೊಂದೇ ಕ್ರೈಸ್ತರ ಮನೆ. ನನಗೆ ಒಂಬತ್ತಾದಾಗ ಅಮ್ಮ ತೀರಿಕೊಂಡಳು. ಆಮೇಲೆ ಮನೆಯಲ್ಲಿ ಮಾತು ಕಡಿಮೆಯಾಯಿತು, ನನ್ನ ಡೈರಿ ತುಂಬತೊಡಗಿತು. ಕಾಯಿ ಅಟ್ಟಕ್ಕೇರಿದ ದಿನ, ಇಳಿದ ದಿನ, ತಿಪಟೂರಿನ ಚರ್ಚಿಗೆ ಹೋಗುವ ಭಾನುವಾರದ ಬಸ್ಸು ಎಷ್ಟು ಸಲ ತಪ್ಪಿತು, ಎಲ್ಲಕ್ಕೂ ಗೆರೆ ಎಳೆದು ಬರೆದಿಡುತ್ತಿದ್ದೆ. ನಮ್ಮ ಕಡೆ ಅಟ್ಟದಲ್ಲಿ ಒಣಗಿದ ಕೊಬ್ಬರಿ ಇಳಿಸುವುದು ಮುಯ್ಯಾಳಿನ ಕೆಲಸ: ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಆದರೆ ಹಿಂದಿನ ದಿನವೇ ಹೋಗಿ, ಬಾಗಿಲಲ್ಲಿ ನಿಂತು ಕರೆಯಬೇಕು. ಕರೆಯದೆ ಯಾರಾದರೂ ಬಂದರೆ ಆ ಮನೆಯವರ ಕೈಲಾಗದು ಎಂದು ಊರಿಗೆ ಸಾರಿದಂತೆ. ಅಪ್ಪ ಕರೆದವರ ಮನೆಗೆಲ್ಲ ಹೋಗುತ್ತಿದ್ದರು, ತಾವು ಮಾತ್ರ ಯಾರನ್ನೂ ಕರೆಯುತ್ತಿರಲಿಲ್ಲ. "ಅಮ್ಮ ಇಲ್ಲ ಅಂತ ಕನಿಕರಕ್ಕೆ ಬರ್ತಾರೆ ಕಣೇ. ಬೇಡ" ಅನ್ನುತ್ತಿದ್ದರು. ೧೯೭೮ರ ಡೈರಿಯಲ್ಲಿ 'ಅಪ್ಪ ಹೋಗಿದ್ದು' ಎಂಬುದರ ಕೆಳಗೆ ಹದಿನಾಲ್ಕು ಗೆರೆಗಳಿವೆ. 'ಅಪ್ಪ ಕರೆದದ್ದು' ಎಂಬುದರ ಕೆಳಗೆ ಖಾಲಿ. ಸಂಜೆ ಪ್ರಾರ್ಥನೆಯಲ್ಲಿ ಮಾತ್ರ ಮೊಣಕಾಲೂರಿ ಎಲ್ಲವನ್ನೂ ಬೇಡುತ್ತಿದ್ದರು: ಮಳೆ, ನನ್ನ ಆರೋಗ್ಯ, ತಮ್ಮ ಸೊಂಟಕ್ಕೆ ಬಲ.

ಆ ವರ್ಷ ಬೇಸಿಗೆಯ ಒಂದು ಶನಿವಾರ, ಅಟ್ಟದಲ್ಲಿ ಕಾಯಿ ತುಂಬಿದ ಮಂಕರಿ ಎತ್ತಲು ಹೋಗಿ ಅಪ್ಪನ ಸೊಂಟ ಹಿಡಿದುಕೊಂಡಿತು. ಏಳಲೂ ಆಗದು, ಏಣಿ ಇಳಿಯಲೂ ಆಗದು. ಪಕ್ಕದ ಮನೆಯ ಗಂಗಕ್ಕನನ್ನು ಕರೆಯುತ್ತೇನೆ ಎಂದೆ. "ಬೇಡ. ಪ್ರಾರ್ಥನೆ ಮಾಡು" ಎಂದರು. ಏಣಿಯ ಬುಡದಲ್ಲಿ ಮೊಣಕಾಲೂರಿದೆ. ಮೇಲಿಂದ ನರಳುವುದು ಕೇಳುತ್ತಲೇ ಇತ್ತು. ಆಮೆನ್ ಅಂದು ಎದ್ದು ಓಡಿದೆ.

ಗಂಗಕ್ಕ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡೇ ಬಂದಳು. ಅಪ್ಪನನ್ನು ಕಂಬಳಿಯಲ್ಲಿ ಕಟ್ಟಿ ಮಗುವಿನಂತೆ ಇಳಿಸಿದರು. ಚಾಪೆಯ ಮೇಲೆ ಮಲಗಿಸುತ್ತ ಗಂಗಕ್ಕ, "ಅಲ್ಲ ಮೇಷ್ಟ್ರೇ, ಅಷ್ಟು ಮ್ಯಾಲಿರೋ ದ್ಯಾವ್ರನ್ನ ದಿನಾ ಕೇಳ್ತೀರಿ. ಗ್ವಾಡೆ ಪಕ್ಕದ ಗಂಗಕ್ಕನ್ನ ಒಂದ್ ಕಿತ ಕೇಳಾಕಾಗಕಿಲ್ವಾ? ನೀವು ಕರೀದೆ ನಾವೆಂಗೆ ಬರಾದು?" ಎಂದಳು. ಅಪ್ಪ ಗೋಡೆಯ ಕಡೆ ತಿರುಗಿದರು. ಆ ಸಂಜೆ ಮಲಗಿದಲ್ಲೇ ಪ್ರಾರ್ಥಿಸಿದರು: "ಕರ್ತನೇ, ನೀನು ಸಹಾಯವನ್ನ ಪಕ್ಕದ ಮನೆಯಲ್ಲೇ ಇಟ್ಟಿದ್ದೆ. ನಾನೇ ಹೋಗಿ ಕೇಳಲಿಲ್ಲ."

ಮುಂದಿನ ವರ್ಷ ಅವರೇ ಹೋದರು. ನಾನೂ ಹಿಂದೆ ಹೋದೆ. ಗಂಗಕ್ಕನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಹಳ ಹೊತ್ತು ತೆಂಗಿನ ಮರ ನೋಡುತ್ತ ನಿಂತರು. "ಮರ ಏನಂತು ಮೇಷ್ಟ್ರೇ?" ಎಂದು ಅವಳು ನಕ್ಕಳು. ಅಪ್ಪನೂ ನಕ್ಕುಬಿಟ್ಟರು. ಅಮ್ಮ ಹೋದಮೇಲೆ ನಾನು ಕೇಳಿದ ಮೊದಲ ನಗು ಅದು. "ನಾಳೆ ನಮ್ಮನೇಲಿ ಕೊಬ್ಬರಿ ಇಳಿಸ್ತೀವಿ, ಬನ್ನಿ" ಎಂದರು. ಮನೆಗೆ ಬಂದು 'ಅಪ್ಪ ಕರೆದದ್ದು' ಎಂಬುದರ ಕೆಳಗೆ ಒಂದು ಗೆರೆ ಎಳೆದೆ.

ಆ ಮನೆ ಈಗಿಲ್ಲ, ಗಂಗಕ್ಕನೂ ಇಲ್ಲ. ಈಗ ನಾನಿರುವ ಬೀದಿಯಲ್ಲಿ ಯಾರ ಬಾಗಿಲಿಗೂ ಹೋಗಿ ನಿಂತವಳಲ್ಲ ನಾನು. ಅಪ್ಪ ತೀರಿಕೊಂಡ ದಿನ ನೆನಪಾಗುತ್ತದೆ. ಸಾವಿಗೆ ಯಾರೂ ಯಾರನ್ನೂ ಕರೆಯುವುದಿಲ್ಲ. ಆದರೂ ಅಂಗಳ ತುಂಬಿತ್ತು. ಸಮಾಧಿ ತೋಡಿದವರು ಗಂಗಕ್ಕನ ಮಕ್ಕಳು. ಆಮೇಲೆ ಬಂದವರ ಹೆಸರು ಬರೆಯಲು ಡೈರಿ ತೆರೆದು ಕೂತೆ. 'ಅಪ್ಪ ಹೋಗಿದ್ದು', 'ಅಪ್ಪ ಕರೆದದ್ದು', ಯಾವುದರ ಕೆಳಗೆ ಬರೆಯಬೇಕೆಂದು ತಿಳಿಯಲಿಲ್ಲ.