ಏಳನೆಯ ಹಡಗಿನೊಳಗಿನ ಪುಸ್ತಕ

ಹಮೀದ್ ಅಂದು ಠಾಣೆಯಲ್ಲಿ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವನು ನಾನು.

ಈ ಎರಡು ವಾಕ್ಯ ಬರೆಯಲು ನನಗೆ ಹನ್ನೆರಡು ವರ್ಷ ಬೇಕಾಯಿತು. ಬರೆದ ಮೇಲೆ ನೋಡಿದರೆ ಇಷ್ಟೇ ಇಷ್ಟು — ಔಷಧಿ ಚೀಟಿಯ ಹಿಂಬದಿಯಲ್ಲಿ ಹಿಡಿಸುವಷ್ಟು. ಅಳತೆಯ ವಿಷಯದಲ್ಲಿ ನಾನು ಎಂದೂ ರಾಜಿ ಮಾಡಿಕೊಂಡವನಲ್ಲ ಎಂದು ಜನ ಹೊಗಳುತ್ತಾರೆ. ಹೊಗಳಲಿ. ಈ ಒಂದನ್ನು ಮಾತ್ರ ನಾನು ಅಳೆಯಲು ಹೋಗಲಿಲ್ಲ.

ಫಳ್ನೀರಿನ ಒಂದು ಕಟ್ಟಡದ ಹಿಂದಿನ ಕೋಣೆಯಲ್ಲಿ ಕೃತಕ ಹಲ್ಲು ಮಾಡುವುದು ನನ್ನ ಕಸುಬು. ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಅದಕ್ಕೆ ಸರಿಯಾಗಿ ಹಲ್ಲು ಕೂರಿಸಿ ಕೊಡುತ್ತೇನೆ. ಉಳಿದ ಹೊತ್ತಿನಲ್ಲಿ ಯುದ್ಧನೌಕೆಗಳ ಮಾದರಿ ಮಾಡುತ್ತೇನೆ. ಇನ್ನೂರು ಅಡಿಗೆ ಒಂದು ಅಡಿಯ ಲೆಕ್ಕ. ಹಲ್ಲಿಗೆ ಬಳಸುವ ತಂತಿಯೇ ಹಡಗಿನ ಕಟಕಟೆ, ಹಲ್ಲು ತೇಯುವ ಮೋಟಾರೇ ಅದರ ಉಳಿ. ಮನೆಯವರು ಇದನ್ನು ಹುಚ್ಚು ಎಂದರು, ಆಮೇಲೆ ಹೇಳುವುದನ್ನೂ ಬಿಟ್ಟರು.

ಈ ಹುಚ್ಚಿಗೆ ನನಗೆ ಒಬ್ಬ ಜೊತೆಗಾರನಿದ್ದ, ಹಮೀದ್. ಕುಲಶೇಖರದಲ್ಲಿ ಬಣ್ಣದ ಅಂಗಡಿ. ನನ್ನದೇ ಪ್ರಾಯದ ಬ್ಯಾರಿ ಮುಸಲ್ಮಾನ. ನಾವು ಮಾತಾಡುವುದು ತುಳುವಿನಲ್ಲಿ, ಜಗಳ ಮಾಡುವುದೂ ಅದರಲ್ಲೇ. ಅಳತೆ ನನ್ನದು, ಬಣ್ಣ ಅವನದು. ಯುದ್ಧನೌಕೆಯ ಬೂದು ಬಣ್ಣ ಎಂದರೆ ಒಂದೇ ಅಲ್ಲ — ಕೆಲವಕ್ಕೆ ನೀಲಿ ಬೆರೆತಿರುತ್ತದೆ, ಕೆಲವಕ್ಕೆ ಹಸಿರು, ಬಿಸಿಲಿಗೆ ನಿಂತದ್ದಕ್ಕೆ ಸುಣ್ಣದ ಛಾಯೆ. ಹಮೀದ್ ಹಡಗನ್ನು ಒಮ್ಮೆ ನೋಡಿ ಬಂದು, ಡಬ್ಬಿಯಲ್ಲಿ ಕೋಲು ತಿರುಗಿಸಿ ಅದೇ ಬೂದನ್ನು ತೆಗೆಯುತ್ತಿದ್ದ. ಆರು ಹಡಗು ಒಟ್ಟಿಗೆ ಮಾಡಿದೆವು. ನಮ್ಮದೊಂದು ರೂಢಿಯಿತ್ತು. ಡೆಕ್ಕಿನ ಹಲಗೆ ಅಂಟಿಸಿ ಮುಚ್ಚುವ ಮೊದಲು ಒಡಲಿನ ಒಳಗೋಡೆಯ ಮೇಲೆ ಇಬ್ಬರ ಹೆಸರೂ ಬರೆಯುವುದು. ಯಾರಿಗೂ ಕಾಣಲಿಕ್ಕಲ್ಲ. ನಮಗೆ ಗೊತ್ತಿದ್ದರೆ ಸಾಕು ಎಂದು.

ಏಳನೆಯದರ ನೆಪದಲ್ಲೇ ಎಲ್ಲ ಆದದ್ದು. ಪಣಂಬೂರಿನ ಬಂದರಿಗೆ ಒಂದು ಯುದ್ಧನೌಕೆ ಬಂದಿತ್ತು. ಒಂದು ದಿನ ಸಾರ್ವಜನಿಕರಿಗೆ ನೋಡಲು ಬಿಟ್ಟಿದ್ದರು. ಮೊಬೈಲು, ಕ್ಯಾಮರಾ ಗೇಟಿನಲ್ಲೇ ಇಡಬೇಕು. ಹಾಗಾಗಿ ಅಳತೆಗೆ ಇದ್ದದ್ದು ಕೈ ಕಾಲುಗಳೇ — ಕಟಕಟೆಗೆ ಗೇಣು, ಡೆಕ್ಕಿಗೆ ಹೆಜ್ಜೆ. ಎಣಿಸಿಟ್ಟುಕೊಂಡು, ಹೊರಗೆ ಬಂದ ಕೂಡಲೇ ಕಿಸೆಯ ಪುಸ್ತಕದಲ್ಲಿ ಬರೆಯುವುದು. ಮುಂದಿನ ಫಿರಂಗಿಯಿಂದ ಮೇಲಂತಸ್ತಿನ ಗೋಡೆಯವರೆಗೆ ನಾನು ಎರಡು ಸಲ ನಡೆದೆ. ಒಮ್ಮೆ ಇಪ್ಪತ್ತೊಂಬತ್ತು ಬಂತು, ಒಮ್ಮೆ ಮೂವತ್ತು. ಒಂದು ಹೆಜ್ಜೆ ತಪ್ಪಿದರೆ ಮಾದರಿಯಲ್ಲಿ ನಾಲ್ಕು ಮಿಲಿಮೀಟರ್ ತಪ್ಪುತ್ತದೆ. ನಾಲ್ಕು ಮಿಲಿಮೀಟರ್! ಬೇರೆ ಯಾರಾದರೂ ಆಗಿದ್ದರೆ ನಕ್ಕು ಮನೆಗೆ ಹೋಗುತ್ತಿದ್ದರು.

ಅಷ್ಟರಲ್ಲಿ ಒಬ್ಬ ನಾವಿಕ ನನ್ನನ್ನು ಗಮನಿಸಿದ ಹಾಗೆ ಕಂಡಿತು. ನಾನು ಹಮೀದನ ಹತ್ತಿರ ಹೋದೆ.

"ನೀನೊಮ್ಮೆ ನಡೆ ಮಾರಾಯ. ನಾನು ಇಲ್ಲಿಂದ ಎಣಿಸ್ತೇನೆ."

"ನಾನು ಯಾಕೆ ಶೆಟ್ರೇ? ಎಲ್ಲ ನೋಡ್ತಾ ಇದ್ದಾರೆ."

"ಎಂತ ಆಗುದಿಲ್ಲ. ನಡೆ."

ಅವನು ನಡೆದ. ಮೂವತ್ತು ಬಂತು. ನಾನು ಸುಮ್ಮನಾಗಬೇಕಿತ್ತು. ಇನ್ನೊಮ್ಮೆ ನಡೆ ಎಂದೆ, ಮತ್ತೂ ಒಮ್ಮೆ ಎಂದೆ. ಬಿಳಿ ಟೊಪ್ಪಿ, ಗಡ್ಡದ ಮನುಷ್ಯ, ಯುದ್ಧನೌಕೆಯ ಮೇಲೆ ಅದೇ ಜಾಗದಲ್ಲಿ ಮೂರು ಸಲ, ತುಟಿ ಅಲ್ಲಾಡಿಸಿಕೊಂಡು — ನೋಡಿದವರಿಗೆ ಹೇಗೆ ಕಂಡೀತು ಎಂದು ನನಗೆ ತಿಳಿಯದೆ ಇರಲಿಲ್ಲ. ನನ್ನ ಬದಲು ಅವನನ್ನು ಕಳಿಸಿದ್ದೇ ನನ್ನನ್ನು ಯಾರೋ ನೋಡಿದರು ಎಂದಲ್ಲವೇ? ಇದನ್ನು ನಾನು ಇಷ್ಟು ವರ್ಷ ನನಗೇ ಒಪ್ಪಿಕೊಂಡಿರಲಿಲ್ಲ.

ವಾರ ಕಳೆದ ಮೇಲೆ ಪೊಲೀಸರು ಅವನ ಅಂಗಡಿಗೆ ಬಂದರು. ಗಲ್ಲಾದ ಗಾಜಿನಡಿಯಲ್ಲಿ, ಬಣ್ಣ ಗುರುತು ಹಾಕಿ ಕೊಡು ಎಂದು ನಾನು ಕೊಟ್ಟ ಹಡಗಿನ ನಕ್ಷೆಯಿತ್ತು. ಅದರಲ್ಲಿದ್ದದ್ದು ನನ್ನ ಕೈಬರಹವಲ್ಲ, ಅಕ್ಷರ ಕೊರೆದ ಅಚ್ಚುಪಟ್ಟಿ ಇಟ್ಟು ನಾನು ತಿದ್ದಿದ್ದು. ಹಮೀದನನ್ನು ಕರೆದುಕೊಂಡು ಹೋದರು. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ: ಇದು ನನ್ನ ಸ್ನೇಹಿತ ಶೆಟ್ಟರು ಬಿಡಿಸಿದ್ದು, ಅವರನ್ನು ಕರೆದು ಕೇಳಿ. ನಾನು ಬಂದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ ಎಂದು ನಂಬಿದ್ದ. ಮುಗಿಯುತ್ತಲೂ ಇತ್ತು.

ನನಗೆ ಕುರ್ಚಿ ಕೊಟ್ಟರು. ಚಹಾ ತರಿಸಿದರು. ಹಮೀದ್ ಗೋಡೆಯ ಬದಿಯ ಬೆಂಚಿನ ಮೇಲೆ ಕೂತಿದ್ದ, ಕಾಲಿಗೆ ಚಪ್ಪಲಿ ಇರಲಿಲ್ಲ. ಅಧಿಕಾರಿ ನಕ್ಷೆಯನ್ನು ನನ್ನ ಕಡೆ ತಿರುಗಿಸಿದರು.

"ಇದು ನೀವು ಬಿಡಿಸಿದ್ದಂತೆ?"

"ಅಲ್ಲ," ಎಂದೆ. "ನಾನು ಮಾಡುದು ಆಟಿಕೆ ಹಡಗು. ಹಳೆಯ ಹಡಗು, ಪುಸ್ತಕದಲ್ಲಿ ಅಚ್ಚಾದ ಚಿತ್ರ ನೋಡಿ ಮಾಡುದು."

"ಇವರೊಟ್ಟಿಗೆ ಬಂದರಿಗೆ ಹೋಗಿದ್ರಾ?"

"ಅಲ್ಲಿ ಸಿಕ್ಕಿದ್ದು."

"ಪರಿಚಯ ಉಂಟಲ್ಲ?"

"ಬಣ್ಣ ತರ್ಲಿಕ್ಕೆ ಇವರ ಅಂಗಡಿಗೆ ಹೋಗುದುಂಟು. ಅಷ್ಟೆ."

ಅಷ್ಟೆ ಎಂದೆ. ಹದಿನಾಲ್ಕು ವರ್ಷದ ಸ್ನೇಹ, ಆರು ಹಡಗು, ಅವನ ತಾಯಿ ಪೆರ್ನಾಲ್ ಹಬ್ಬಕ್ಕೆ ಕಳಿಸುತ್ತಿದ್ದ ಕರಿದ ಅಕ್ಕಿರೊಟ್ಟಿ ನೈಪತ್ತಿರ್ — ಎಲ್ಲವನ್ನೂ ಆ ಒಂದು ಮಾತಿನಲ್ಲಿ ಒರೆಸಿ ಹಾಕಿದೆ. ಹಮೀದ್ ನನ್ನನ್ನು ನೋಡಿದ, ಆಮೇಲೆ ನನ್ನ ಕೈಯಲ್ಲಿದ್ದ ಚಹಾದ ಲೋಟವನ್ನು ನೋಡಿದ. ನಾನು ಆ ಚಹಾ ಮುಗಿಸಿಯೇ ಎದ್ದೆ.

ಹೆದರಿದ್ದೆ, ನಿಜ. ಆದರೆ ಬರೀ ಹೆದರಿಕೆ ಎಂದರೆ ಅದು ಅರ್ಧ ಮಾತು. ಕುರ್ಚಿ ಕೊಟ್ಟ ಕೂಡಲೇ ನನಗೆ ತಿಳಿದಿತ್ತು, ನಾನು ಹೇಳಿದ್ದನ್ನು ಇವರು ನಂಬುತ್ತಾರೆ, ಅವನು ಹೇಳಿದ್ದನ್ನು ನಂಬುವುದಿಲ್ಲ ಎಂದು. ತಿಳಿದೇ ಹೇಳಿದೆ. ನಕ್ಷೆ ನನ್ನದು ಎಂದಿದ್ದರೆ, ಬಹುಶಃ, ಗದರಿಸಿ ಇಬ್ಬರನ್ನೂ ಕಳಿಸುತ್ತಿದ್ದರೋ ಏನೋ... ಆ ಲೆಕ್ಕ ಈಗ ಬೇಡ.

ಮನೆಗೆ ಬಂದವನು ಕಿಸೆಯ ಪುಸ್ತಕ ತೆಗೆದೆ. ಅಂಗೈಯಷ್ಟು ಪುಸ್ತಕ, ಪುಟ ಪುಟದಲ್ಲೂ ನನ್ನದೇ ಕೈಬರಹ, ನಕ್ಷೆಯ ಅಂಕಿಗಳೇ. ಅದೊಂದನ್ನು ಕೊಂಡು ಹೋಗಿ ಮೇಜಿನ ಮೇಲೆ ಇಟ್ಟಿದ್ದರೆ ಹಮೀದ್ ಸುಳ್ಳುಗಾರನಲ್ಲ ಎಂದು ಆಗುತ್ತಿತ್ತು. ಸುಡೋಣ ಎಂದು ಬೆಂಕಿಪೆಟ್ಟಿಗೆ ಹಿಡಿದೆ. ಸುಡಲಾಗಲಿಲ್ಲ. ಒಳ್ಳೆಯತನದಿಂದ ಅಲ್ಲ — ಹಡಗು ಇನ್ನೂ ಮುಗಿದಿರಲಿಲ್ಲ, ಅಳತೆ ಬೇಕಿತ್ತು. ಇಂಥ ನಾಚಿಕೆಗೇಡಿನ ಕಾರಣ ಇನ್ನೊಂದಿಲ್ಲ. ಬೇಕಾದ ಅಂಕಿಗಳನ್ನು ಹಲಗೆಗೆ ಇಳಿಸಿಕೊಂಡು, ಪುಸ್ತಕವನ್ನು ಸುರುಳಿ ಸುತ್ತಿ, ರಬ್ಬರ್ ಹಾಕಿ, ಹಡಗಿನ ಒಡಲೊಳಗೆ ತುರುಕಿದೆ. ಡೆಕ್ ಅಂಟಿಸಿದೆ. ಇಬ್ಬರ ಹೆಸರು ಬರೆಯುವ ಜಾಗದಲ್ಲಿ ಅದು ಕೂತಿತು.

ಐದನೆಯ ದಿನ ಹಮೀದನನ್ನು ಬಿಟ್ಟರು. ಕೇಸು ಇಲ್ಲ, ಏನಿಲ್ಲ. ಆದರೆ ವಿಚಾರಣೆಯಲ್ಲಿ ಸುಳ್ಳು ಹೇಳಿದ, ಬೇರೆಯವರ ಮೇಲೆ ಹಾಕಿದ ಎಂಬ ಸಾಲು ಪೊಲೀಸರ ಕಡತದಲ್ಲಿ ಎಲ್ಲೋ ಉಳಿಯಿತು. ಎರಡು ವಾರದ ನಂತರ ನನ್ನ ಮೇಜಿಗೆ ಒಂದು ಬಾಯಿಯ ಅಚ್ಚು ಬಂತು. ಮೇಲಿನ ಸಾಲಿನ ಮುಂದಿನ ಹಲ್ಲು ಎರಡು ಇಲ್ಲ. ಚೀಟಿಯಲ್ಲಿ ಹಮೀದನ ಹೆಸರು, ಊರು. ಕಾರಣ ಎಂಬಲ್ಲಿ 'ಬಿದ್ದದ್ದು' ಎಂದು ಬರೆದಿತ್ತು. ನಾನು ಆ ಎರಡು ಹಲ್ಲು ಮಾಡಿದೆ. ಪಕ್ಕದ ಹಲ್ಲಿನ ಬಣ್ಣಕ್ಕೆ ಎಷ್ಟು ಚೆನ್ನಾಗಿ ಹೊಂದಿಸಿದೆ ಎಂದರೆ ಡಾಕ್ಟರು ಫೋನು ಮಾಡಿ ಭೇಷ್ ಎಂದರು. ಯಾರು ಮಾಡಿದ್ದೆಂದು ಅವನಿಗೆ ಇಂದಿಗೂ ಗೊತ್ತಿಲ್ಲ.

ಆ ವರ್ಷ ಹಜ್ ಯಾತ್ರೆಗೆ ಚೀಟಿ ಎತ್ತಿದಾಗ ಅವನ ಮತ್ತು ಅವನ ತಾಯಿಯ ಹೆಸರು ಬಂದಿತ್ತು. ಉಮ್ಮ ಎಂದೇ ನಾನೂ ಕರೆಯುವುದು. ಅಲ್ಲಿ ಬಹಳ ನಡೆಯಬೇಕಂತೆ ಎಂದು ಆಕೆ ಅಂಗಳದ ಬಾವಿಗೆ ದಿನಾ ಏಳು ಸುತ್ತು ಬರುತ್ತಿದ್ದರು, ಮಂಡಿಗೆ ಎಣ್ಣೆ ಹಚ್ಚಿಕೊಂಡು. ಹೆಂಗಸರು ಒಬ್ಬರೇ ಹೋಗುವಂತಿರಲಿಲ್ಲ, ಮಗ ಜೊತೆಗಿರಬೇಕು. ಇದ್ದದ್ದು ಒಬ್ಬನೇ ಮಗ. ಅವನ ಪಾಸ್‌ಪೋರ್ಟ್ ನವೀಕರಣಕ್ಕೆ ಹಾಕಿದ್ದು ಪೊಲೀಸ್ ವರದಿಯಲ್ಲಿ ನಿಂತಿತು. ಮತ್ತೆ ಹಾಕಿದ, ಮತ್ತೆ ನಿಂತಿತು. ಉಮ್ಮ ಎರಡು ವರ್ಷ ಬಾವಿಗೆ ಸುತ್ತು ಬಂದು, ಮೂರನೆಯ ವರ್ಷ ಹಾಸಿಗೆ ಹಿಡಿದು, ತೀರಿಕೊಂಡರು.

ಅಷ್ಟರಲ್ಲಿ ನನ್ನ ಏಳನೆಯ ಹಡಗಿಗೆ ಒಂದು ಪ್ರದರ್ಶನದಲ್ಲಿ ಕಪ್ ಬಂದಿತ್ತು, ಪತ್ರಿಕೆಯಲ್ಲಿ ಫೋಟೋ ಬಂದಿತ್ತು. ಗಾಜಿನ ಪೆಟ್ಟಿಗೆಯ ಮುಂದಿನ ಫಲಕದಲ್ಲಿ ನನ್ನೊಬ್ಬನ ಹೆಸರು. ಬಣ್ಣ ನಾನೇ ಹಚ್ಚಿದ್ದೆ. "ಒಳಗೆ ಖಾಲಿಯಾ ಸಾರ್?" ಎಂದು ಯಾರಾದರೂ ಸುಮ್ಮನೆ ಕೇಳಿದರೂ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ.

ಉಮ್ಮ ತೀರಿಕೊಂಡ ದಿನ ಕುಲಶೇಖರಕ್ಕೆ ಹೋದೆ. ಹೋಗುವ ಮುಖವಿರಲಿಲ್ಲ, ಹೋಗದಿರುವ ಧೈರ್ಯವೂ ಇರಲಿಲ್ಲ. ಹಮೀದ್ ತಾನೇ ಒಳಗಿನಿಂದ ಕುರ್ಚಿ ತಂದು ಅಂಗಳದಲ್ಲಿ ಹಾಕಿದ. ಬಾವಿಯ ಸುತ್ತ ಹುಲ್ಲು ಸವೆದು ದಾರಿ ಬಿದ್ದಿತ್ತು. ಎದ್ದು ಹೊರಟಾಗ ಅವನು ಗೇಟಿನವರೆಗೆ ಬಂದ.

"ಪೇಪರಿನಲ್ಲಿ ನಿಮ್ಮ ಹಡಗು ನೋಡಿದೆ ಶೆಟ್ರೇ," ಎಂದ. "ನೀಲಿ ಸ್ವಲ್ಪ ಹೆಚ್ಚಾಯ್ತು."

ಬೈದಿದ್ದರೆ, ಕೈ ಮಾಡಿದ್ದರೆ ನಾನು ಅಲ್ಲೇ ಎಲ್ಲ ಹೇಳಿಬಿಡುತ್ತಿದ್ದೆನೇನೋ. ಇಲ್ಲ, ಅದೂ ಸುಳ್ಳು. ಹೇಳುತ್ತಿರಲಿಲ್ಲ. ಮನೆಗೆ ಬಂದು ಹಡಗನ್ನು ಬೆಳಕಿಗೆ ಹಿಡಿದು ನೋಡಿದೆ. ನೀಲಿ ಹೆಚ್ಚಾಗಿತ್ತು. ಅದಾದ ಮೇಲೆ ನಾನು ಹಡಗು ಮಾಡಲಿಲ್ಲ.

ಹೀಗೆಯೇ ಸಾಯುತ್ತಿದ್ದೆ. ಆದರೆ ಮೊನ್ನೆ ಸೋಮವಾರ ಕ್ಲಿನಿಕ್ಕಿನ ಹುಡುಗಿ ಬಂದು ಮೇಜಿನ ಮೇಲೆ ಒಂದು ಅಚ್ಚು ಇಟ್ಟಳು. ನೋಡಿದ ಕೂಡಲೇ ಗುರುತು ಹತ್ತಿತು. ಮುಖ ಮರೆತರೂ ನಾನು ಬಾಯಿ ಮರೆಯುವವನಲ್ಲ. ನಾನು ಮಾಡಿದ ಹಲ್ಲು ಕಳಚಿ ಬಂದಿದೆಯಂತೆ, ಹೊಸದು ಬೇಕಂತೆ.

"ಇದು ಸ್ವಲ್ಪ ಬೇಗ ಬೇಕಂತೆ ಸರ್," ಎಂದಳು. "ಪಾಸ್‌ಪೋರ್ಟಿಗೆ ಅರ್ಜಿ ಹಾಕ್ಲಿಕ್ಕುಂಟಂತೆ, ಫೋಟೋದಲ್ಲಿ ಹಲ್ಲು ಇರ್ಬೇಕು ಅಂತಾರೆ. ಹಜ್‌ಗೆ ಹೋಗ್ತಾರಂತೆ. ಮೊದಲು ಅವರದ್ದು, ಮತ್ತೊಂದು ವರ್ಷ ತಾಯಿಯ ಹೆಸರಲ್ಲಿ. ಹಾಗೆ ತೀರಿಕೊಂಡವರಿಗಾಗಿ ಮಾಡ್ಲಿಕ್ಕೆ ಆಗ್ತದಂತೆ."

"ಕೊಡ್ತಾರಾ?" ಎಂದೆ.

"ಎಂತದು?"

"ಪಾಸ್‌ಪೋರ್ಟ್."

"ಅದು ನಂಗೆಂತ ಗೊತ್ತು ಸರ್," ಎಂದು ಅವಳು ಹೋದಳು.

ನನಗೆ ಗೊತ್ತಿತ್ತು. ಆ ಸಾಲು ಅಲ್ಲಿರುವವರೆಗೆ ಕೊಡುವುದಿಲ್ಲ. ಹಮೀದನಿಗೆ ಅರವತ್ತಮೂರು. ಎರಡು ಯಾತ್ರೆ ಆಗಬೇಕು, ಒಂದು ಅವನದು, ಒಂದು ಉಮ್ಮನದು. ಅಚ್ಚನ್ನು ಕೈಯಲ್ಲಿ ಹಿಡಿದು ಕೂತೆ. ಇನ್ನೊಮ್ಮೆ ಚೆಂದದ ಹಲ್ಲು ಮಾಡಿ ಕೊಟ್ಟು ಸುಮ್ಮನಿರಬಹುದಿತ್ತು... ಹನ್ನೆರಡು ವರ್ಷ ಅದನ್ನೇ ಮಾಡಿದ್ದೇನಲ್ಲ.

ನಿನ್ನೆ ಮಧ್ಯಾಹ್ನ ಗಾಜಿನ ಪೆಟ್ಟಿಗೆಯಿಂದ ಹಡಗನ್ನು ತೆಗೆದೆ. ಮೋಟಾರಿಗೆ ಸಣ್ಣ ಗರಗಸದ ಚಕ್ರ ಹಾಕಿ, ಮುಂದಿನ ಫಿರಂಗಿಯಿಂದ ಮೇಲಂತಸ್ತಿನ ಗೋಡೆಯವರೆಗೆ ಡೆಕ್ ಕೊಯ್ದೆ. ಹನ್ನೊಂದೂವರೆ ಸೆಂಟಿಮೀಟರ್. ಪುಸ್ತಕ ಹಾಗೆಯೇ ಇತ್ತು, ರಬ್ಬರ್ ಮಾತ್ರ ಪುಡಿಯಾಗಿತ್ತು. ಬಿಡಿಸಿ ನೋಡಿದೆ. ಆ ಡೆಕ್ಕಿನ ಪುಟದಲ್ಲಿ ನನ್ನ ಅಕ್ಷರದಲ್ಲೇ ಬರೆದಿತ್ತು: ನಾನು 29, 30. ಹಮೀದ್ 30, 30, 30.

ಮೂರು ಸಲವೂ ಅವನದು ಒಂದೇ. ಮೊದಲ ಸಲಕ್ಕೇ ಸರಿಯಿತ್ತು.

ನಕ್ಷೆ ನನ್ನದು, ಅವನನ್ನು ನಡೆಸಿದವನು ನಾನು, ಠಾಣೆಯಲ್ಲಿ ಸುಳ್ಳು ಹೇಳಿದವನು ನಾನು ಎಂದು ಮೂರು ಪುಟ ಹೇಳಿಕೆ ಬರೆದು ಸಹಿ ಹಾಕಿದ್ದೇನೆ. ವಕೀಲರಿಗೆ ತೋರಿಸಿಲ್ಲ. ತೋರಿಸಿದರೆ ಅವರು ನನ್ನ ಒಳ್ಳೆಯದಕ್ಕೆಂದು ಅರ್ಧ ಹೊಡೆದು ಹಾಕುತ್ತಾರೆ. ನಾಳೆ ಬೆಳಿಗ್ಗೆ ಆ ಹೇಳಿಕೆ ಮತ್ತು ಪುಸ್ತಕ ಹಿಡಿದುಕೊಂಡು ಅದೇ ಠಾಣೆಗೆ ಹೋಗುತ್ತೇನೆ. ಅಲ್ಲಿ ಈಗ ಬೇರೆ ಅಧಿಕಾರಿ ಇರಬಹುದು. ನನ್ನ ಮೇಲೆ ಏನು ಮಾಡುತ್ತಾರೋ ಮಾಡಲಿ. ಇದರಿಂದ ಅವನ ಪಾಸ್‌ಪೋರ್ಟ್ ಬಂದೇ ಬರುತ್ತದೆ ಎಂದು ಹೇಳುವ ಹಾಗಿಲ್ಲ. ಬಂದರೂ ಬಾವಿಗೆ ಸುತ್ತು ಬಂದವರು ಬರುವುದಿಲ್ಲ. ಹಲ್ಲು ಮುಗಿದಿದೆ, ಅದನ್ನು ಇವತ್ತೇ ಕ್ಲಿನಿಕ್ಕಿಗೆ ಕಳಿಸಿದೆ.

ಠಾಣೆಯಿಂದ ಬಿಟ್ಟರೆ ಕುಲಶೇಖರಕ್ಕೆ ಹೋಗಬೇಕು. ಕ್ಷಮೆ ಕೇಳುವುದಿಲ್ಲ. ಕೇಳಿದರೆ ಹಮೀದ್ ಕೊಟ್ಟುಬಿಡುತ್ತಾನೆ, ನಾನು ಅದನ್ನೂ ಆ ಚಹಾದಂತೆ ಕುಡಿದು ಎದ್ದು ಬರುತ್ತೇನೆ. ಅಂಗಡಿಯ ಮುಂದೆ ನಿಂತಾಗ ಅವನು ಎಲ್ಲರನ್ನೂ ಕೇಳುವ ಹಾಗೆ "ಎಂತ ಬೇಕು ಶೆಟ್ರೇ?" ಎಂದು ಕೇಳಬಹುದು. ಬಣ್ಣ ತರಲಿಕ್ಕೆ ಬಂದದ್ದಲ್ಲ ಎಂದು ಹೇಳಬೇಕು. ಅಷ್ಟು ಹೇಳುವವರೆಗೆ ಅಲ್ಲಿಂದ ಕದಲಬಾರದು.